ನಾಲ್ಕನೇ ಕಂಟ್ರೋಲ್ ತಪ್ಪಿತು

ದಾರಿ ತಪ್ಪುವುದಕ್ಕೂ ಒಂದು ಯೋಗ್ಯತೆ ಬೇಕು. ಮನೆ ಬಿಟ್ಟು ಹೊರಗೇ ಬೀಳದವನು ದಾರಿ ತಪ್ಪುವುದಾದರೂ ಎಲ್ಲಿ? ಈ ಮಾತನ್ನು ನಮ್ಮ ಟಪಾಲು ಗುಮಾಸ್ತರು ಎರಡು ವರ್ಷದಲ್ಲಿ ಹತ್ತು ಸಲ ತಮಗೆ ತಾವೇ ಹೇಳಿಕೊಂಡಿದ್ದರು. ಹತ್ತೇ ಸಲ ಏಕೆಂದರೆ ಅವರು ಅಲ್ಲಿಯವರೆಗೆ ಭಾಗವಹಿಸಿದ್ದ ಸ್ಪರ್ಧೆಗಳು ಹತ್ತು.

ಸ್ಪರ್ಧೆಯ ಹೆಸರು ಓರಿಯೆಂಟೀರಿಂಗ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಬೆಟ್ಟದಲ್ಲಿ ಅಲ್ಲೊಂದು ಇಲ್ಲೊಂದು ಕಿತ್ತಳೆ-ಬಿಳಿ ಬಟ್ಟೆಯ ಬಾವುಟ ಕಟ್ಟಿರುತ್ತಾರೆ. ಆ ಬಾವುಟಕ್ಕೆ ಕಂಟ್ರೋಲ್ ಎಂದು ಹೆಸರು. ಕೈಗೊಂದು ನಕ್ಷೆ, ಒಂದು ಕಾರ್ಡು ಕೊಟ್ಟು ಬಿಡುತ್ತಾರೆ, ದಿಕ್ಸೂಚಿ ನಮ್ಮದೇ. ಒಂದನೇ ಕಂಟ್ರೋಲ್ ಹುಡುಕಿ, ಅಲ್ಲಿ ಮರಕ್ಕೋ ಗೂಟಕ್ಕೋ ಕಟ್ಟಿದ ಪಂಚಿನಿಂದ ಕಾರ್ಡಿಗೆ ತೂತು ಹೊಡೆದುಕೊಂಡು ಎರಡನೆಯದಕ್ಕೆ ಓಡಬೇಕು. ಹೀಗೆ ಹತ್ತನ್ನೂ ಮುಗಿಸಿ ಗಡುವಿನೊಳಗೆ ಮೈದಾನಕ್ಕೆ ಮರಳಬೇಕು. ಅಷ್ಟೇ. ಅಷ್ಟನ್ನು ನಮ್ಮ ಗುಮಾಸ್ತರು ಒಮ್ಮೆಯೂ ಮಾಡಿರಲಿಲ್ಲ. ಹತ್ತು ಫಲಿತಾಂಶ ಪಟ್ಟಿಗಳ ತಳದಲ್ಲೂ ಅವರ ಹೆಸರಿನ ಮುಂದೆ ಇದ್ದದ್ದು ಒಂದೇ ಪದ: 'ಮುಗಿಸಿಲ್ಲ'.

ಕಚೇರಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗುಮಾಸ್ತರು ಸುಳ್ಳು ಹೇಳುವವರಲ್ಲ. ಕೇಳಿದ ಪ್ರಶ್ನೆಗೆ ಪಕ್ಕದ ಪ್ರಶ್ನೆಯ ಉತ್ತರ ಕೊಡುವವರು. "ಹೇಗಾಯ್ತು ಸಾರ್ ಸ್ಪರ್ಧೆ?" ಎಂದು ಟೈಪಿಸ್ಟು ಕೇಳಿದರೆ, "ಬೆಟ್ಟದ ಗಾಳಿ ಇದೆಯಲ್ಲ, ಅದರ ಮುಂದೆ ಯಾವ ಔಷಧಿನೂ ಇಲ್ಲಮ್ಮ" ಎನ್ನುತ್ತಿದ್ದರು. "ಎಷ್ಟನೇ ಸ್ಥಾನ?" ಎಂದರೆ, "ಸ್ಥಾನಮಾನದ ಆಸೆ ನನಗೆ ಮೊದಲಿಂದಲೂ ಇಲ್ಲ." ಇಂಥ ಉತ್ತರಗಳಿಂದ ಕಚೇರಿಯವರು ತಮಗೆ ಬೇಕಾದ ಅರ್ಥ ಮಾಡಿಕೊಂಡರು. ಶುಕ್ರವಾರ ಮಧ್ಯಾಹ್ನ ಮೇಲ್ವಿಚಾರಕರು ಸೂಚನಾ ಫಲಕಕ್ಕೆ ಒಂದು ಕಾಗದ ಅಂಟಿಸಿಯೇಬಿಟ್ಟರು: 'ನಮ್ಮ ಕಚೇರಿಯ ಹೆಮ್ಮೆಯ ಕ್ರೀಡಾಪಟು ಈ ಶನಿವಾರ, ಭಾನುವಾರ ಬೆಟ್ಟದ ಸ್ಪರ್ಧೆಯಲ್ಲಿ ಭಾಗವಹಿಸುತ್ತಿದ್ದಾರೆ. ಸೋಮವಾರ ಹನ್ನೊಂದಕ್ಕೆ ಅವರ ಅನುಭವದ ಮಾತುಗಳಿರುತ್ತವೆ.' ಅದಕ್ಕೆ ಮೊಹರು ಹೊಡೆದು ಹೊರಟ ಕಾಗದಗಳ ಪುಸ್ತಕದಲ್ಲಿ ಸಂಖ್ಯೆ ಹಾಕಿದ್ದು ಸ್ವತಃ ಕ್ರೀಡಾಪಟುವೇ, ಏಕೆಂದರೆ ಅದು ಅವರ ಕೆಲಸ.

ಅದೇ ದಿನದ ಟಪಾಲಿನಲ್ಲಿ ಅವರಿಗೇ ಒಂದು ಪತ್ರ ಬಂದಿತ್ತು. ಸ್ಪರ್ಧೆ ನಡೆಸುವ ಸಂಘದ್ದು. ಎರಡು ವರ್ಷದಲ್ಲಿ ಒಂದು ಸ್ಪರ್ಧೆಯನ್ನೂ ಮುಗಿಸದ ಸದಸ್ಯರನ್ನು ಮುಂದಿನ ತಿಂಗಳಿಂದ 'ಹಗ್ಗದ ಗುಂಪಿ'ಗೆ ಸೇರಿಸಲಾಗುವುದು ಎಂದಿತ್ತು. ಹಗ್ಗದ ಗುಂಪೆಂದರೆ ಆರು ವರ್ಷದೊಳಗಿನ ಮಕ್ಕಳದು. ಮರದಿಂದ ಮರಕ್ಕೆ ಹಗ್ಗ ಕಟ್ಟಿ, ನಡುನಡುವೆ ಮೊಲ, ಅಳಿಲುಗಳ ಚಿತ್ರ ತೂಗುಹಾಕಿರುತ್ತಾರೆ. ಮಕ್ಕಳು ಹಗ್ಗ ಹಿಡಿದುಕೊಂಡು ನಡೆಯುತ್ತವೆ. ಅಂದರೆ ಈ ಶನಿವಾರ ಒಂದು, ಭಾನುವಾರ ಒಂದು, ಎರಡೇ ಸ್ಪರ್ಧೆ ಉಳಿದಿವೆ. ಮುಗಿಸಿದರೆ ಸರಿ, ಇಲ್ಲವಾದರೆ ನಲವತ್ತಾರು ವರ್ಷದ ಗುಮಾಸ್ತರು ಮೊಲದ ಚಿತ್ರ ಎಣಿಸಬೇಕು.

ಪತ್ರವನ್ನು ಅವರು ಹೆಂಡತಿಗೆ ಮಾತ್ರ ತೋರಿಸಿದರು. ಆಕೆಯದು ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ. ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಪತ್ರ ಓದಿ, "ಬಿಡಿ, ಮುಗಿಸ್ತೀರಿ" ಅಂದಳು. "ಆದ್ರೆ ನಮ್ಮಪ್ಪನ ಹತ್ರ ಮಾತ್ರ ಬಾಯಿ ಬಿಡಬೇಡಿ."

ಅಪ್ಪ ಅಂದರೆ ಗುಮಾಸ್ತರ ಮಾವ. ಮೂವತ್ನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮಗಳ ಮದುವೆಯಾದ ಹೊಸತರಲ್ಲಿ ನೆಂಟರೊಬ್ಬರ ಮದುವೆಗೆ ಹೋಗುವಾಗ ಕವಲುದಾರಿ ಬಂದಿತ್ತು. ಪಕ್ಕದಲ್ಲಿದ್ದ ಹೊಸ ಅಳಿಯ "ಎಡಕ್ಕೆ" ಎಂದಿದ್ದರು. ಎಡಕ್ಕೆ ಹೋದಾಗ ಮದುವೆಯೇನೋ ಸಿಕ್ಕಿತು. ಊಟ ಮಾಡಿ, ಉಡುಗೊರೆ ಕೊಟ್ಟು, ಫೋಟೋಗೆ ನಿಂತಮೇಲೆ ಮಾವ ಮದುಮಗನ ಮುಖವನ್ನು ಸರಿಯಾಗಿ ನೋಡಿದರು. ಅದು ಬೇರೆ ಯಾರದೋ ಮದುವೆ. ಅಂದಿನಿಂದ ಹನ್ನೆರಡು ವರ್ಷ ಮಾವ ಅಳಿಯನನ್ನು ದಾರಿ ಕೇಳಿಲ್ಲ. ಅಳಿಯ ತಾವಾಗಿ ಹೇಳಿದರೂ ಗಾಡಿ ನಿಲ್ಲಿಸಿ, ಇಳಿದು, ರಸ್ತೆಯಲ್ಲಿ ಹೋಗುವ ಯಾರನ್ನಾದರೂ ಕೇಳಿಬರುತ್ತಾರೆ. ಇಂಥ ಮಾವನ ಹಳೇ ಕಾರನ್ನೇ ಗುಮಾಸ್ತರು ಬೆಟ್ಟಕ್ಕೆ ಎರವಲು ಪಡೆದಿದ್ದರು.

"ಘಾಟಿಯಲ್ಲಿ ಎರಡನೇ ಗೇರು," ಎಂದು ಮಾವ ಬೀಗದ ಕೈ ಕೊಡುವಾಗ ಹೇಳಿದರು. "ತೀರಾ ಅಂದ್ರೆ ಮೂರು. ನಾಲ್ಕನೇ ಗೇರು ಅನ್ನೋದು ಇದೆ ಅಂತಾನೇ ಮರೆತುಬಿಡಿ ಅಳಿಯಂದ್ರೇ. ಮೂವತ್ನಾಲ್ಕು ವರ್ಷದಲ್ಲಿ ನನಗೆ ಒಂದು ಸಲ ಕಂಟ್ರೋಲ್ ತಪ್ಪಿಲ್ಲ."

ಶನಿವಾರದ ಕಥೆ ಚಿಕ್ಕದು. ಒಂದು, ಎರಡು, ಮೂರು ಕಂಟ್ರೋಲ್ ಸಿಕ್ಕಿದವು. ನಾಲ್ಕನೆಯದು ಹಳ್ಳದಲ್ಲಿತ್ತು. ಗುಮಾಸ್ತರು ಹಳ್ಳಕ್ಕೇನೋ ಇಳಿದರು, ಬಾವುಟ ಕಾಣಲಿಲ್ಲ. ಮೇಲಕ್ಕೆ ಹೋದರು, ಕೆಳಕ್ಕೆ ಬಂದರು, ಕಲ್ಲಿಂದ ಕಲ್ಲಿಗೆ ಹಾರಲು ಹೋಗಿ ಮೊಣಕಾಲುದ್ದ ನೀರಿನಲ್ಲಿ ಕೂತರು. ಗಡುವು ಮುಗಿಯಿತು ಎಂದು ಮೈದಾನದ ಕಡೆಯಿಂದ ಸೀಟಿ ಕೇಳಿಸಿತು. ಕಾಲು ಒಂದಡಿ ಎತ್ತಿಡಲಾಗದ ಹಾಗೆ ಸೋತಿದ್ದವು. ಗುಮಾಸ್ತರು ಒಂದು ಬಂಡೆಯ ಮೇಲೆ ಕೂತು ಫೋನು ತೆಗೆದು, ಹೆಂಡತಿಗೆ ಸಂಕ್ಷಿಪ್ತವಾಗಿ ಒಂದು ವರದಿ ಬರೆದರು. ಕಚೇರಿಯ ಅಭ್ಯಾಸ, ಅವರಿಗೆ ಉದ್ದ ಬರೆದು ಗೊತ್ತಿಲ್ಲ.

'ಮೂರರ ತನಕ ಸರಿ ಇತ್ತು. ನಾಲ್ಕನೇ ಕಂಟ್ರೋಲ್ ತಪ್ಪಿತು. ಹಳ್ಳದಲ್ಲಿದ್ದೇನೆ. ಕಾಲು ಬಿದ್ದುಹೋಗಿದೆ. ಈ ಸಲಕ್ಕೆ ನನ್ನ ಕಥೆ ಮುಗಿಯಿತು. ಯಾರಿಗೂ ಹೇಳಬೇಡ.'

ಒದ್ದೆ ಬೆರಳು. ಹೆಂಡತಿಯ ಹೆಸರಿನ ಕೆಳಗೇ ಇದ್ದ 'ನಮ್ಮ ಕುಟುಂಬ' ಎಂಬ ಮೂವತ್ತೆಂಟು ಜನರ ಗುಂಪಿನ ಮೇಲೆ ಅದು ಬಿತ್ತು. ಬೆಟ್ಟದಲ್ಲಿ ಸಿಗ್ನಲ್ ಇಲ್ಲದೆ ಸಂದೇಶ ಅಲ್ಲೇ ನಿಂತಿತು. ಸಂಜೆ ಅವರು ಕುಂಟುತ್ತಾ ಮೈದಾನಕ್ಕೆ ಬಂದಾಗ ಸಿಗ್ನಲ್ ಸಿಕ್ಕಿ, ಸಂದೇಶ ಹೊರಟು, ಅದೇ ಕ್ಷಣ ಫೋನು ಕೊನೆಯುಸಿರೆಳೆಯಿತು. ಚಾರ್ಜರ್ ಮನೆಯ ಗೋಡೆಯಲ್ಲೇ ಉಳಿದಿತ್ತು. ಗುಮಾಸ್ತರು ಫೋನನ್ನು ಚೀಲದ ತಳಕ್ಕೆ ಹಾಕಿ ನೆಮ್ಮದಿಯಾಗಿ ಚಹಾ ಕುಡಿದರು.

ಇತ್ತ ಮನೆಯಲ್ಲಿ ನಡೆದದ್ದನ್ನು ಆಮೇಲೆ ಮೂರು ಜನ ಅವರಿಗೆ ಮೂರು ಥರ ಹೇಳಿದರು. ಮೂರನ್ನೂ ಸೇರಿಸಿದರೆ ಆಗುವುದು ಇಷ್ಟು.

ಮೊದಲು ಓದಿದವರು ಮಾವ. ಓದಿ ಕುರ್ಚಿಯಿಂದ ಎದ್ದರು. ಎದ್ದವರು ಮತ್ತೆ ಕೂತರು. ಆಮೇಲೆ ಚಪ್ಪಲಿ ಎಡಬಲ ಅದಲುಬದಲು ಹಾಕಿಕೊಂಡು ನಾಲ್ಕು ಬೀದಿ ದಾಟಿ ಮಗಳ ಅಂಗಡಿಗೆ ಬಂದರು.

"ಬಡಕೊಂಡೆ ಕಣಮ್ಮ, ಬಡಕೊಂಡೆ! ನಾಲ್ಕನೇ ಗೇರು ಬೇಡ ಅಂತ ಬಡಕೊಂಡೆ! ನೋಡು, ಅವರೇ ಬರೆದಿದ್ದಾರೆ. ಮೂರರ ತನಕ ಸರಿ ಇತ್ತಂತೆ! ನಾಲ್ಕನೇದಕ್ಕೆ ಹಾಕಿದಾರೆ, ಕಂಟ್ರೋಲ್ ತಪ್ಪಿದೆ, ಗಾಡಿ ಹಳ್ಳಕ್ಕೆ ಹೋಗಿದೆ!"

ಹೆಂಡತಿ ಫೋನು ಇಸಿದುಕೊಂಡು ಓದಿದಳು. "ಅಪ್ಪಾ, ಕಂಟ್ರೋಲ್ ಅಂದ್ರೆ ಬಾವುಟ. ಅದು ಸಿಕ್ಕಿಲ್ಲ ಅಷ್ಟೇ. ಕಾಲು ಬಿದ್ದುಹೋಯ್ತು ಅಂತ ಇವರು ತರಕಾರಿ ತಂದ ದಿನಾನೂ ಹೇಳ್ತಾರೆ."

"ಬಾವುಟ ತಪ್ಪಿದ್ರೆ ಯಾರಾದ್ರೂ ಕಥೆ ಮುಗೀತು ಅಂತ ಬರೀತಾರೇನೇ?"

ಈ ಪ್ರಶ್ನೆಗೆ ಆಕೆಯಲ್ಲಿ ಉತ್ತರವಿತ್ತು. ಆದರೆ ಗಂಡನಿಗೆ ಫೋನು ಮಾಡಿದಾಗ ಅದು ಸ್ವಿಚ್ ಆಫ್ ಎಂದಿತು. ಹತ್ತನೇ ಸಲವೂ ಹಾಗೇ ಎಂದಾಗ ಆಕೆಯೂ ಹೊಲಿಗೆ ಅರ್ಧಕ್ಕೇ ಬಿಟ್ಟು ಎದ್ದಳು. ಅಷ್ಟರಲ್ಲಿ ಕುಟುಂಬದ ಗುಂಪು ಎಚ್ಚೆತ್ತಿತ್ತು. 'ಯಾವ ಆಸ್ಪತ್ರೆ?' ಎಂದು ಒಬ್ಬರು. 'ಬಿದ್ದುಹೋದದ್ದು ಎಡಗಾಲೋ ಬಲಗಾಲೋ?' ಎಂದು ಇನ್ನೊಬ್ಬರು. 'ಎರಡೂ ಅಂತೆ' ಎಂದು ದೂರದ ಊರಿನ ಚಿಕ್ಕಪ್ಪ ಖಚಿತವಾಗಿ ತಿಳಿಸಿದರು. ದಿನಾ ಹೂವಿನ ಚಿತ್ರ ಕಳಿಸುವ ಅತ್ತೆ ಅಭ್ಯಾಸಬಲದಿಂದ 'ಶುಭ ಸಂಜೆ' ಎಂದು ಗುಲಾಬಿ ಕಳಿಸಿ, ಎಲ್ಲರ ಬಾಯಿಗೂ ಸಿಕ್ಕಿದರು.

ಕಾರು ಬೆಟ್ಟದಲ್ಲಿದೆ, ಬೆಟ್ಟ ನಾಲ್ಕು ಗಂಟೆಯ ದಾರಿ. ಪಕ್ಕದ ಮನೆಯ ಲಾಂಡ್ರಿಯಣ್ಣ ತಮ್ಮ ವ್ಯಾನು ತೆಗೆದರು. ಘಾಟಿ ರಸ್ತೆ ರಾತ್ರಿ ಮುಚ್ಚಿರುತ್ತಿದ್ದರಿಂದ ಬೆಳಿಗ್ಗೆ ಆರಕ್ಕೆ ಮಾವ, ಮಗಳು, ಲಾಂಡ್ರಿಯಣ್ಣ ಮೂವರೂ, ಇಸ್ತ್ರಿಯಾದ ಇನ್ನೂರು ಅಂಗಿಗಳ ಸಮೇತ, ಹೊರಟರು.

ಭಾನುವಾರ ಬೆಳಿಗ್ಗೆ ಗುಮಾಸ್ತರು ಹೊರಡುವ ಸಾಲಿನಲ್ಲಿ ಕೊನೆಯವರಾಗಿ ನಿಂತಿದ್ದರು. ನಿಧಾನಸ್ಥರನ್ನು ಕೊನೆಗೆ ಬಿಡುವುದು ವಾಡಿಕೆ. ಮುಖ್ಯ ತೀರ್ಪುಗಾರ್ತಿ ವಾರದ ದಿನಗಳಲ್ಲಿ ಹಲ್ಲಿನ ಡಾಕ್ಟರು. ಯಾರ ಜೊತೆ ಮಾತಾಡಿದರೂ ಬಾಯಿಯೊಳಗೇ ನೋಡುತ್ತಿದ್ದರು.

"ನಿನ್ನೆ ನಿಮ್ಮನ್ನ ನೋಡ್ತಾ ಇದ್ದೆ," ಅಂದರು. "ನೀವು ನಕ್ಷೆ ತಿರುಗಿಸೋದೇ ಇಲ್ಲ, ಯಾಕೆ?"

"ತಿರುಗಿಸೋದಾ?"

"ನೀವು ದಕ್ಷಿಣಕ್ಕೆ ಮುಖ ಮಾಡಿದಾಗ ನಕ್ಷೆಯಲ್ಲೂ ದಕ್ಷಿಣ ಮುಂದಿರಬೇಕು. ನೀವು ಎತ್ತ ತಿರುಗಿದ್ರೂ ಅದನ್ನ ನೆಟ್ಟಗೇ ಹಿಡ್ಕೊಂಡಿರ್ತೀರಿ."

"ತಿರುಗಿಸಿದ್ರೆ ಅಕ್ಷರ ತಲೆಕೆಳಗಾಗುತ್ತಲ್ಲ ಮೇಡಂ," ಅಂದರು ಗುಮಾಸ್ತರು, ನಿಜಕ್ಕೂ ಗಾಬರಿಯಾಗಿ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಸಲ ಬಿಟ್ಟರೆ ಅವರು ಒಂದು ಕಾಗದವನ್ನೂ ತಲೆಕೆಳಗಾಗಿ ಹಿಡಿದವರಲ್ಲ. ಸೇರಿದ ಮೊದಲ ವಾರ ಹಾಗೆ ಹಿಡಿದದ್ದಕ್ಕೆ ಅಂದಿನ ಮೇಲ್ವಿಚಾರಕರು ಎಲ್ಲರೆದುರು ಮುಖಕ್ಕೆ ಮಂಗಳಾರತಿ ಮಾಡಿದ್ದರು.

"ಆಗಲಿ ಬಿಡಿ. ಬೆಟ್ಟದಲ್ಲಿ ಯಾರೂ ಓದಲ್ಲ," ಎಂದು ಡಾಕ್ಟರು ಸೀಟಿ ಊದಿದರು.

ಮೊದಲ ತಿರುವಿನಲ್ಲಿ ಗುಮಾಸ್ತರು ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ನಕ್ಷೆಯನ್ನು ತಲೆಕೆಳಗು ಮಾಡಿದರು. ಏನಾಶ್ಚರ್ಯ, ನಕ್ಷೆಯಲ್ಲಿ ಬಲಕ್ಕಿದ್ದ ಗುಡ್ಡ ಬಲಕ್ಕೇ ಇತ್ತು! ಎಡಕ್ಕಿದ್ದ ಕಾಲುದಾರಿ ಎಡಕ್ಕೇ ಇತ್ತು! ಎರಡು ವರ್ಷದಿಂದ ತಮ್ಮ ಮೇಲೆ ಹಗೆ ಸಾಧಿಸುತ್ತಿದ್ದ ಬೆಟ್ಟವೆಲ್ಲ ಒಂದೇ ಸಲ ಕೈಕಟ್ಟಿ ನಿಂತುಬಿಟ್ಟಿತು. ಮೊದಲನೆಯದು ಸಿಕ್ಕಿತು. ಎರಡನೆಯದು ಸಿಕ್ಕಿತು. ಮೂರನೆಯದಕ್ಕೆ ತೂತು ಹೊಡೆಯುವಾಗ ಗುಮಾಸ್ತರಿಗೆ ನಗು ತಡೆಯಲಾಗಲಿಲ್ಲ. ಒಬ್ಬರೇ ನಿಂತು ಗಟ್ಟಿಯಾಗಿ ನಕ್ಕರು.

ಅದೇ ಹೊತ್ತಿಗೆ ಬೆಟ್ಟದ ಬುಡದ ಪೊಲೀಸ್ ಠಾಣೆಯಲ್ಲಿ ಮುಖ್ಯಪೇದೆ ಮೇಜಿನ ಮೇಲೆ ಒಂದು ನಮೂನೆ ಹರಡಿಕೊಂಡಿದ್ದರು.

"ಕಾಣೆಯಾದವರ ಉದ್ಯೋಗ?"

"ಗುಮಾಸ್ತರು."

"ಇಲ್ಲಿಗೆ ಯಾಕೆ ಬಂದಿದ್ರು?"

"ಮ್ಯಾಪು ನೋಡ್ಕೊಂಡು ಬಾವುಟ ಹುಡುಕೋಕೆ," ಅಂದಳು ಹೆಂಡತಿ.

ಮುಖ್ಯಪೇದೆ ಪೆನ್ನು ಎತ್ತಿದರು. "ಮ್ಯಾಪು ಕೈಯಲ್ಲಿರೋರು ಹೇಗಮ್ಮ ದಾರಿ ತಪ್ತಾರೆ?"

"ಮ್ಯಾಪಿಂದಾನೇ ಸಾರ್," ಅಂದರು ಮಾವ. "ಅದಿಲ್ಲದಿದ್ರೆ ಮನೇಲೇ ಇರ್ತಿದ್ರು."

ಕಾರು ಬಿದ್ದ ಬಗ್ಗೆ ಯಾವ ವರದಿಯೂ ಬಂದಿಲ್ಲವೆಂದರು ಮುಖ್ಯಪೇದೆ. ಮೇಲೆ ಮೈದಾನದಲ್ಲಿ ಏನೋ ಓಟ ನಡೆಯುತ್ತಿದೆಯಂತೆ, ಅಲ್ಲಿ ಕೇಳಬಹುದು ಎಂದೂ ಅಂದರು. "ಮೊದ್ಲು ಅಲ್ಲಿಗೇ ಹೋಗೋಣಪ್ಪ," ಎಂದು ಮಗಳು ಅಂಗಲಾಚಿದಳು. ಮಾವ ಕೇಳಲಿಲ್ಲ. "ಹಳ್ಳದಲ್ಲಿದ್ದೀನಿ ಅಂತ ಅವರೇ ಬರೆದಿರೋವಾಗ ಮೈದಾನದಲ್ಲಿ ಏನಿದೆ? ಮೊದ್ಲು ಹಳ್ಳ." ಹಳ್ಳವೆಂಬುದು ಅಲ್ಲಿ ಇದ್ದದ್ದು ಒಂದೇ. ಮುಖ್ಯಪೇದೆಯೂ ಸೇರಿ ನಾಲ್ವರೂ ಅದರ ದಂಡೆ ಹಿಡಿದು ಮೇಲಕ್ಕೆ ಹೊರಟರು.

ಅರ್ಧ ಗಂಟೆಯಲ್ಲಿ ಲಾಂಡ್ರಿಯಣ್ಣ ಕೂಗಿದರು. ದಂಡೆಯ ಸೀಳುಬಂಡೆಯೊಂದರ ಬಳಿ ಕಿತ್ತಳೆ-ಬಿಳಿ ಬಟ್ಟೆ ನೇತಾಡುತ್ತಿತ್ತು. ಉಳಿದ ಸ್ಪರ್ಧಿಗಳೆಲ್ಲ ಅದನ್ನು ದಾಟಿ ಆಗಲೇ ಮುಂದೆ ಹೋಗಿದ್ದರು. ಬರಬೇಕಾದವರು ಒಬ್ಬರೇ ಒಬ್ಬರು.

"ಅಪ್ಪಾ, ಇದೇ ಕಂಟ್ರೋಲು!" ಅಂದಳು ಮಗಳು.

ಮಾವನಿಗೆ ಅದು ಕೇಳಿಸಲೇ ಇಲ್ಲ. "ಅಂಗಿ ಹರಿದು ಕಟ್ಟಿದ್ದಾರೆ! ಸಹಾಯಕ್ಕೆ ಕಟ್ಟಿದ್ದಾರೆ!" ಎನ್ನುತ್ತಾ ಆಗಲೇ ಹಳ್ಳದಲ್ಲಿ ಮುಂದಕ್ಕೆ ನುಗ್ಗಿದ್ದರು. ಅಪ್ಪ ಜಾರಿ ಬಿದ್ದಾರೆಂದು ಆಕೆ ಹಿಂದೆಯೇ ಓಡಿದಳು. ಲಾಂಡ್ರಿಯಣ್ಣ ಮಾತ್ರ ಬಟ್ಟೆಯ ಹತ್ತಿರ ಹೋಗಿ ಬೆರಳಲ್ಲಿ ಉಜ್ಜಿ ನೋಡಿದರು. "ಅಂಗಿ ಅಲ್ಲ, ಪಾಲಿಸ್ಟರ್ರು. ನಲವತ್ತೇಳು ಅಂತ ಗುರುತು ಹಾಕಿದ್ದಾರೆ. ನಮ್ಮ ಅಂಗಡಿ ಗುರುತಲ್ಲ, ಬೇರೆ ಯಾರೋ ಲಾಂಡ್ರಿದು." ಗಿರಾಕಿಯ ಬಟ್ಟೆ ಬಿಸಿಲಲ್ಲಿ ಬಣ್ಣ ಹೋಗುವುದನ್ನು ನೋಡಿ ಸುಮ್ಮನಿರುವುದು ಅವರ ಜಾಯಮಾನದಲ್ಲೇ ಇಲ್ಲ. ಪಂಚಿನ ಸಮೇತ ಬಿಚ್ಚಿ, ಧೂಳು ಕೊಡವಿ, ನಾಲ್ಕು ಮಡಿಕೆ ಮಡಚಿ ಚೀಲದಲ್ಲಿಟ್ಟುಕೊಂಡರು. ಹಾಳುಗೋಡೆಯ ಬಳಿ ಇನ್ನೊಂದು ಸಿಕ್ಕಿತು, ಅದನ್ನೂ ಮಡಚಿದರು. ಹಳೇ ಸುಣ್ಣದ ಗೂಡಿನ ಬಳಿ ಮೂರನೆಯದು. "ಯಾರೋ ಒಣಹಾಕಿ ಮರೆತೇ ಹೋಗಿದ್ದಾರೆ," ಎಂದು ಮರುಗಿದರು.

ಹನ್ನೊಂದು ಇಪ್ಪತ್ತಕ್ಕೆ ನಮ್ಮ ಗುಮಾಸ್ತರು ಸೀಳುಬಂಡೆಯ ಮುಂದೆ ಬಂದು ನಿಂತರು. ಬಾವುಟ ಇರಲಿಲ್ಲ.

ನಕ್ಷೆ ನೋಡಿದರು. ಹಳ್ಳದ ತಿರುವು ಇದೆ, ಸೀಳುಬಂಡೆ ಇದೆ, ಎದುರಿಗೆ ಒಣಗಿದ ಮರ ಇದೆ. ಬಂಡೆಯನ್ನು ಮೂರು ಸುತ್ತು ಬಂದರು. ಸೀಳಿನೊಳಗೆ ಕೈ ಹಾಕಿ ನೋಡಿದರು. ಎಲ್ಲ ಸರಿಯಿದೆ ಎನಿಸಿದಾಗಲೇ ಎಲ್ಲ ತಪ್ಪಿರುವುದು ಅವರಿಗೆ ಹೊಸದಲ್ಲ. ಬೇರೆ ಯಾರಾದರೂ ಆಗಿದ್ದರೆ ಕೂತು ಅಳುತ್ತಿದ್ದರು, ಇಲ್ಲವೇ ಬೈಯುತ್ತಿದ್ದರು. ಗುಮಾಸ್ತರು ಜೇಬಿಗೆ ಕೈಹಾಕಿ, ಯಾವಾಗಲೂ ಜೊತೆಗಿರುವ ಚಿಕ್ಕ ಪುಸ್ತಕ ತೆಗೆದು, ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು, ಬಂಡೆಯ ಮೇಲೆ ಊರಿ ಬರೆಯತೊಡಗಿದರು. ಬೇಕಾದ ವಸ್ತು ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಮನುಷ್ಯ ಮಾಡಬೇಕಾದ್ದು ಒಂದೇ: ಪತ್ರಮುಖೇನ ತಿಳಿಸುವುದು.

'ಮುಖ್ಯ ತೀರ್ಪುಗಾರರು, ಸ್ಪರ್ಧಾ ಮೈದಾನ, ಇವರಿಗೆ. ವಿಷಯ: ನಾಲ್ಕನೇ ಕಂಟ್ರೋಲ್ ಸ್ಥಳದಲ್ಲಿ ಇಲ್ಲದಿರುವ ಬಗ್ಗೆ. ಮಾನ್ಯರೇ, ಈ ದಿನ ಬೆಳಿಗ್ಗೆ 11.20ಕ್ಕೆ ನಾನು ಸೀಳುಬಂಡೆಯ ಬಳಿ ಖುದ್ದಾಗಿ ಹಾಜರಾಗಿದ್ದು, ಸದರಿ ಬಾವುಟ ಕಂಡುಬಂದಿರುವುದಿಲ್ಲ. ತಪ್ಪು ನನ್ನದಿರಲೂಬಹುದು. ತಮ್ಮ ಅವಗಾಹನೆಗೆ. ತಮ್ಮ ವಿಶ್ವಾಸಿ.'

ಸಹಿ ಹಾಕಿ, ಮೂಲಪ್ರತಿಯನ್ನು ಕಲ್ಲಿನ ಕೆಳಗಿಟ್ಟು, ಕಚೇರಿ ಪ್ರತಿಯನ್ನು ಜೇಬಿಗಿಳಿಸಿ ಮುಂದೆ ನಡೆದರು.

ಹಾಳುಗೋಡೆಯ ಬಳಿಯೂ ಬಾವುಟ ಇರಲಿಲ್ಲ. ಅಲ್ಲಿ ಬರೆದದ್ದು ಜ್ಞಾಪನೆ: 'ಉಲ್ಲೇಖ: ನನ್ನ ಇದೇ ದಿನದ 11.20ರ ಪತ್ರ. ಅದಕ್ಕೆ ಇದುವರೆಗೆ ಉತ್ತರ ಬಂದಿಲ್ಲವೆಂದು ವಿಷಾದದಿಂದ ತಿಳಿಸುತ್ತಾ, ಐದನೆಯದೂ ಸ್ಥಳದಲ್ಲಿಲ್ಲ ಎಂಬುದನ್ನು...'

ಸುಣ್ಣದ ಗೂಡಿನ ಬಳಿ ಮೂರನೆಯದು. ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಅಂತಿಮ ಜ್ಞಾಪನೆ' ಎಂದು ಬರೆದು, ಹಿಂದಿನ ಎರಡನ್ನೂ ಉಲ್ಲೇಖಿಸಿ, ಕೊನೆಯಲ್ಲಿ ಕಟುವಾಗಿಯೇ ಹೇಳಿದರು: 'ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ನಾನು ಮುಂದೆ ಹೋಗುತ್ತಿದ್ದೇನೆ. ಸಮಯ 12.25.'

ಅಷ್ಟರಲ್ಲಿ ಬೆಟ್ಟದ ಗೋಡೆಗೆ ಬಡಿದು ಒಂದು ಧ್ವನಿ ಕೇಳಿಸಿತು: "ಅಳಿಯಂದ್ರೇಏಏ..."

ಗುಮಾಸ್ತರು ಬೆವೆತುಹೋದರು. ಇಲ್ಲಿ ಮಾವ ಎಲ್ಲಿಂದ ಬಂದಾರು? ಇದು ಬಿಸಿಲಿನ ಪ್ರಭಾವ, ಅಥವಾ ಕಾರಿನ ಬಗ್ಗೆ ಮನಸ್ಸಿನಲ್ಲಿರುವ ಅಳುಕು. ಧ್ವನಿ ಮತ್ತೆ ಬಂತು, ಈ ಸಲ ಇನ್ನೂ ಹತ್ತಿರದಿಂದ. ಮಾವನ ಧ್ವನಿ ಕೇಳಿದರೆ ವಿರುದ್ಧ ದಿಕ್ಕಿಗೆ ಹೊರಡುವುದು ಗುಮಾಸ್ತರ ಹನ್ನೆರಡು ವರ್ಷದ ಅಭ್ಯಾಸ. ಓಟ ಕಿತ್ತರು. ವಿರುದ್ಧ ದಿಕ್ಕಿನಲ್ಲೇ ಏಳನೇ ಕಂಟ್ರೋಲ್ ಇತ್ತು, ಬಾವುಟವೂ ಇತ್ತು! ಆ ಧ್ವನಿಗೆ ಹೆದರಿ ಎಂಟು, ಒಂಬತ್ತು, ಹತ್ತನ್ನೂ ಅವರು ತಮ್ಮ ಜೀವಮಾನದಲ್ಲೇ ಓಡದಷ್ಟು ಜೋರಾಗಿ ಓಡಿ ಮುಗಿಸಿದರು.

ಮಾವ ಮುಂದೆ ದಾರಿ ಕಾಣದೆ ಹಿಂದಿರುಗಿ ಸುಣ್ಣದ ಗೂಡಿನ ಬಳಿ ಬಂದಾಗ ಕಲ್ಲಿನ ಕೆಳಗೆ ಕಾಗದ ಅಲುಗಾಡುತ್ತಿತ್ತು. ಎತ್ತಿ ಓದಿದರು. 'ಅಂತಿಮ' ಎಂಬಲ್ಲಿ ಕನ್ನಡಕ ಮಂಜಾಯಿತು. 'ನಾನು ಮುಂದೆ ಹೋಗುತ್ತಿದ್ದೇನೆ' ಎಂಬಲ್ಲಿಗೆ ಬರುವಾಗ ನೆಲಕ್ಕೆ ಕುಸಿದು ಕೂತರು.

"ಒಳ್ಳೇ ಮನುಷ್ಯ ಕಣಮ್ಮ," ಅಂದರು ಮಗಳಿಗೆ. "ಹನ್ನೆರಡು ವರ್ಷ ನಾನೇ ಸುಮ್ಮಸುಮ್ಮನೆ ಆಡಿಕೊಂಡೆ. ಆ ಮದುವೆ ಊಟ ಕೂಡ ಚೆನ್ನಾಗೇ ಇತ್ತು."

ಮಗಳು ಕಾಗದ ಕಸಿದುಕೊಂಡು ಓದಿದಳು. ಉಲ್ಲೇಖ ಒಂದು, ಉಲ್ಲೇಖ ಎರಡು, ಸಮಯ, ಸಹಿ, ಸಹಿಯ ಕೆಳಗೆ ಎರಡು ಗೆರೆ. ನಿನ್ನೆ ಸಂಜೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿದು, ಆಕೆ ಅಳುತ್ತಲೇ ನಗಲು ಶುರುಮಾಡಿದಳು.

"ಅಪ್ಪಾ, ಏಳಪ್ಪ. ಸತ್ತೋರು ಯಾರಾದ್ರೂ ಜ್ಞಾಪನೆ ಕಳಿಸ್ತಾರಾ? ಇದು ಬರೆದು ಅರ್ಧ ಗಂಟೆ ಕೂಡ ಆಗಿಲ್ಲ. ಬದುಕಿದ್ದಾರೆ! ಚೆನ್ನಾಗೇ ಇದ್ದಾರೆ! ಕೋಪ ಬೇರೆ ಮಾಡ್ಕೊಂಡಿದ್ದಾರೆ!"

ಆಮೇಲಷ್ಟೇ ಲಾಂಡ್ರಿಯಣ್ಣನ ಉಬ್ಬಿದ ಚೀಲದ ಮೇಲೆ ಆಕೆಯ ಕಣ್ಣು ಬಿತ್ತು. ಆಕೆ ಆ ಹೊತ್ತಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ. ನೆರೆಹೊರೆ ನಾಳೆಗೂ ಬೇಕು. ಇಳಿಯುವ ದಾರಿಯಲ್ಲಿ ಉಳಿದ ಎರಡು ಪತ್ರಗಳೂ ಸಿಕ್ಕಿದವು. ವಿಳಾಸ ಮೇಲೇ ಇತ್ತು. ಮುಖ್ಯಪೇದೆ ಅದನ್ನು ಎರಡು ಸಲ ಓದಿ, ಟಪಾಲನ್ನು ವಿಳಾಸಕ್ಕೆ ತಲುಪಿಸುವುದೇ ಕಾನೂನಿನ ಪ್ರಕಾರ ಸರಿ ಎಂದರು.

ಗಡುವು ಎರಡು ಗಂಟೆ. ಒಂದು ಐವತ್ತೆರಡಕ್ಕೆ ಗುಮಾಸ್ತರು ಮೈದಾನಕ್ಕೆ ಬಂದು ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದರು. ಡಾಕ್ಟರು ಕಾರ್ಡು ಎತ್ತಿ ಬಿಸಿಲಿಗೆ ಹಿಡಿದರು.

"ಮೂರು ತೂತು ಇಲ್ಲ. ನಾಲ್ಕು, ಐದು, ಆರು."

"ಬಾವುಟ ಇರ್ಲಿಲ್ಲ ಮೇಡಂ."

"ಇಪ್ಪತ್ತೆರಡು ಜನಕ್ಕೆ ಇತ್ತಲ್ಲ?"

ಗುಮಾಸ್ತರು ಮಲಗಿದಲ್ಲಿಂದಲೇ ಮೂರು ಕಚೇರಿ ಪ್ರತಿಗಳನ್ನು ಎತ್ತಿಕೊಟ್ಟರು. ಡಾಕ್ಟರು ಮೂರನ್ನೂ ಓದಿದರು. ಅವರ ಮುಖದಲ್ಲಿ ಕನಿಕರ ಕಂಡಿತು. ಹಲ್ಲು ಕೀಳುವ ಮೊದಲು ಕಾಣುವ ಕನಿಕರ. "ಇದನ್ನ ಯಾವ ಮರದ ಕೆಳಗೆ ಕೂತು ಬೇಕಾದ್ರೂ ಬರೀಬಹುದಲ್ಲ? ಮೂಲಪ್ರತಿ ಎಲ್ಲಿ?" ಎನ್ನುತ್ತಾ ಪೆ‌ನ್ನಿನ ಮುಚ್ಚಳ ತೆಗೆದು ಪಟ್ಟಿಯ ತಳಕ್ಕೆ ಬಂದರು. ಗುಮಾಸ್ತರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನೊಳಗೆ ಒಂದು ಹಗ್ಗ, ಹಗ್ಗದಲ್ಲೊಂದು ಮೊಲ ಕಾಣಿಸಿತು.

ಆಗ ಮೈದಾನಕ್ಕೆ ಲಾಂಡ್ರಿ ವ್ಯಾನು ನುಗ್ಗಿತು.

ಮೊದಲು ಇಳಿದವರು ಮಾವ. ಮರದ ನೆರಳಲ್ಲಿ ಒಂದು ಗೀರೂ ಇಲ್ಲದೆ ನಿಂತಿದ್ದ ಕಾರನ್ನು ನೋಡಿ, ಓಡಿಹೋಗಿ ಅದರ ಬಾನೆಟ್ಟನ್ನು ಎರಡೂ ಕೈಯಲ್ಲಿ ಸವರಿದರು. ಆಮೇಲೆ ಅಳಿಯನನ್ನು ನೋಡಿದರು. ಅಳಿಯನಿಗೆ ಎರಡೂ ಕಾಲು ಇದ್ದವು. ಮಾವ ಬಂದು, ಎಬ್ಬಿಸಿ ನಿಲ್ಲಿಸಿ, ಮೈದಾನದ ಮಧ್ಯದಲ್ಲಿ ಅವರನ್ನು ಅಪ್ಪಿಕೊಂಡರು. ಹನ್ನೆರಡು ವರ್ಷದಲ್ಲಿ ಮೊದಲನೇ ಸಲ. ಗುಮಾಸ್ತರು ಇದೂ ಬಿಸಿಲಿನ ಪ್ರಭಾವವೇ ಇರಬೇಕೆಂದು ಹೆಂಡತಿಯ ಕಡೆ ನೋಡಿದರು. ಆಕೆ ಕಣ್ಣೊರೆಸಿಕೊಳ್ಳುತ್ತಾ, "ಚಾರ್ಜರ್ ತಂದಿದ್ದೀನಿ" ಅಂದಳು.

"ಇಲ್ಲಿ ಮುಖ್ಯ ತೀರ್ಪುಗಾರರು ಯಾರು?" ಎಂದು ಮುಖ್ಯಪೇದೆ ಗಟ್ಟಿಯಾಗಿ ಕೇಳಿದರು. "ಟಪಾಲಿದೆ."

ಮೂರು ಮೂಲಪ್ರತಿಗಳು ಮೇಜಿನ ಮೇಲೆ ಬಂದವು. ಅವುಗಳ ಪಕ್ಕ ಲಾಂಡ್ರಿಯಣ್ಣ ತಲೆತಗ್ಗಿಸಿ ಮೂರು ಬಾವುಟ ಇಟ್ಟರು, ಅಂಚಿಗೆ ಅಂಚು ಕೂಡುವ ಹಾಗೆ ಮಡಚಿದ್ದವು. "ತಪ್ಪು ನಂದೇ ಮೇಡಂ. ಆದ್ರೆ ಒಂದು ಮಾತು ನಿಜ. ನಾನು ಬಟ್ಟೆ ತೆಗೆದ ಕಲ್ಲಿನ ಬುಡದಲ್ಲೇ ಇವರ ಕಾಗದ ಇತ್ತು. ಒಂದು ಗೇಣು ಆಚೆಗಿಲ್ಲ, ಈಚೆಗಿಲ್ಲ."

"ನಾನು ಕಣ್ಣಾರೆ ಕಂಡಿದ್ದೀನಿ," ಅಂದರು ಮುಖ್ಯಪೇದೆ.

ಡಾಕ್ಟರು ಮೂಲಪ್ರತಿಯ ಮೇಲೆ ಕಚೇರಿ ಪ್ರತಿ ಇಟ್ಟು ಬೆಳಕಿಗೆ ಹಿಡಿದರು. ಅಕ್ಷರದ ಮೇಲೆ ಅಕ್ಷರ ಕೂತಿತು. ಮೂರೂ ಹೊಂದಿದವು. ಅವರು ಪಟ್ಟಿಯ ತಳದಲ್ಲಿ ಬರೆದರು: 'ಇಪ್ಪತ್ತಮೂರನೇ ಸ್ಥಾನ. ಮುಗಿಸಿದ್ದಾರೆ.' ಸ್ಪರ್ಧಿಗಳು ಇದ್ದದ್ದೇ ಇಪ್ಪತ್ತಮೂರು ಜನ. ಗುಮಾಸ್ತರು ಆ ಪದವನ್ನು ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ಓದಿದರು. ಆಮೇಲೆ ಮೆಲ್ಲಗೆ, "ಮೇಡಂ, ಮೂರು ಪತ್ರಕ್ಕೂ ಒಂದು ಸ್ವೀಕೃತಿ ಕೊಟ್ಟಿದ್ರೆ..." ಅಂದರು. ಡಾಕ್ಟರು ಸಹಿ ಹಾಕಿ ಕೊಟ್ಟರು.

ವಾಪಸ್ಸು ಹೊರಟಾಗ ಕಾರನ್ನು ಮಾವನೇ ಓಡಿಸಿದರು. ಘಾಟಿಯಲ್ಲಿ ಎರಡನೇ ಗೇರು. ಅಳಿಯ ಪಕ್ಕದಲ್ಲಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಹೆಂಡತಿ ಕುಟುಂಬದ ಗುಂಪಿಗೆ ಎರಡೂ ಕಾಲಿನ ಫೋಟೋ ಕಳಿಸುತ್ತಿದ್ದಳು. ಬೆಟ್ಟ ಇಳಿದು ಸ್ವಲ್ಪ ದೂರ ಬಂದಮೇಲೆ ಕವಲುದಾರಿ ಬಂತು. ಫಲಕ ಇರಲಿಲ್ಲ. ಮಾವ ಗಾಡಿ ನಿಲ್ಲಿಸಿದರು. ರಸ್ತೆ ಬದಿಯ ಅಂಗಡಿಯ ಮುಂದೆ ಒಬ್ಬ ಸುಮ್ಮನೆ ನಿಂತಿದ್ದ. ಇಳಿದು ಅವನನ್ನೇ ಕೇಳುತ್ತಾರೆಂದು ಗುಮಾಸ್ತರು ಕಿಟಕಿಯಾಚೆ ನೋಡುತ್ತಾ ಕೂತರು.

ಮಾವ ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು, ಮುಂದಕ್ಕೆ ನೋಡುತ್ತಲೇ ಕೇಳಿದರು. "ಯಾವ ಕಡೆ ಅಳಿಯಂದ್ರೇ? ಈಗ ನೀವೇ ದಿಕ್ಕು."

ಹಿಂದಿನ ಸೀಟಿನಲ್ಲಿ ಫೋನು ಒತ್ತುವ ಸದ್ದು ನಿಂತಿತು. ಗುಮಾಸ್ತರು ನಕ್ಷೆ ತೆಗೆದರು. ಅದರ ಒಂದು ಮೂಲೆಯಲ್ಲಿ ಈ ಕವಲೂ ಇತ್ತು. ಮಾವನೆದುರೇ ಅದನ್ನು ತಲೆಕೆಳಗು ಮಾಡಿದರು.

"ಎಡಕ್ಕೆ, ಮಾವ."

"ಖಂಡಿತಾ?"

"ಬೇಕಾದ್ರೆ ಬರೆದು ಕೊಡ್ತೀನಿ," ಎಂದು ಗುಮಾಸ್ತರು ಜೇಬಿನ ಪುಸ್ತಕಕ್ಕೆ ಕೈ ಹಾಕಿದರು.

"ಬೇಡ ಬಿಡಿ," ಅಂದರು ಮಾವ, ಎಡಗಡೆಯ ಇಂಡಿಕೇಟರ್ ಹಾಕುತ್ತಾ. "ಬಾಯಲ್ಲಿ ಹೇಳಿದ್ರೆ ಸಾಕು."